ಬೇಹುಲಾಳ ಕಥೆ ಕೇಳೋಕೆ ಬಂಗಾಳಿ ಬರಲೇಬೇಕಾ?

ಚಿತ್ರ ತೋರಿಸುತ್ತಾ ಹಾಡಿ ಕಥೆ ಹೇಳುವವರನ್ನು ಎದುರಿಗೆ ಕೂತು ಕೇಳಿದವರಿದ್ದೀರಾ, ಭಾಷೆ ಬಾರದಿದ್ದರೂ ಪ್ರೀತಿ, ಸಾವಿನ ಕಥೆ ಮನಸ್ಸಿಗೆ ತಟ್ಟುತ್ತಾ ಅಂತ ಕೇಳಿದ್ದೀರಿ. ನಾನು ಕೇಳಿದ್ದೇನೆ. ತಟ್ಟುತ್ತದೆ.

ನಾನು ಖರಗ್‌ಪುರದಲ್ಲಿ ಕೆಲಸದಲ್ಲಿದ್ದಾಗ ಅಮ್ಮ ಬಂದು ಕೆಲವು ದಿನ ಇದ್ದರು. ಅಪ್ಪ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಒಂದು ಭಾನುವಾರ ಇಬ್ಬರೂ ಪಿಂಗ್ಲಾ ಹತ್ತಿರದ ನಯಾ ಅನ್ನುವ ಹಳ್ಳಿಗೆ ಹೋದೆವು. ಅದು ಪಶ್ಚಿಮ ಬಂಗಾಳದ ಪಶ್ಚಿಮ ಮೇದಿನಿಪುರ ಜಿಲ್ಲೆಯಲ್ಲಿ, ಪಟ ಬರೆದು ಹಾಡಿ ಕಥೆ ಹೇಳುವ ಪಟುವಾಗಳ ಊರು. ಅವರ ಹೆಸರಿನ ಕೊನೆಗೆ ಚಿತ್ರಕರ್ ಅಂತ ಇರುತ್ತದೆ. ಹೆಚ್ಚಿನವರು ಮುಸ್ಲಿಮರು. ಹಾವುಗಳ ದೇವತೆ ಮನಸಾ ದೇವಿಯ ಕಥೆಯನ್ನು ತಲೆಮಾರುಗಳಿಂದ ಹಾಡುತ್ತಾ ಬಂದವರು ಇವರೇ.

ಪಟ ಅಂದರೆ ಉದ್ದನೆಯ ಕಾಗದದ ಸುರುಳಿ. ಗಟ್ಟಿಯಾಗಲಿ ಅಂತ ಹಿಂದೆ ಹಳೇ ಸೀರೆ ಅಂಟಿಸಿರುತ್ತಾರೆ. ನೀಲಿಗೆ ಶಂಖಪುಷ್ಪ, ಹಳದಿಗೆ ಅರಿಶಿನ, ಹಸಿರಿಗೆ ಅವರೆ ಎಲೆ. ಬಣ್ಣ ಕಚ್ಚಿಕೊಳ್ಳಲು ಬಿಲ್ವದ ಕಾಯಿಯ ಅಂಟು.

ಅಂಗಳದಲ್ಲಿ ಚಾಪೆ ಹಾಸಿ ಒಬ್ಬಾಕೆ ಬೇಹುಲಾಳ ಪಟ ಬಿಚ್ಚಿದರು. ವ್ಯಾಪಾರಿ ಚಾಂದ್ ಸದಾಗರ್ ಮನಸಾಳನ್ನು ಪೂಜಿಸಲು ಒಪ್ಪುವುದಿಲ್ಲ. ಅವಳ ಸಿಟ್ಟಿಗೆ ಆರು ಗಂಡುಮಕ್ಕಳು ಸಾಯುತ್ತಾರೆ. ಏಳನೆಯವನು ಲಖಿಂದರ್. ಬೇಹುಲಾಳ ಜೊತೆ ಅವನ ಮದುವೆಯ ರಾತ್ರಿಗೆಂದೇ ಕಬ್ಬಿಣದ ಕೋಣೆ ಕಟ್ಟಿಸುತ್ತಾರೆ. ಅದರಲ್ಲೂ ಕೂದಲೆಳೆಯಷ್ಟು ತೂತು ಉಳಿದಿರುತ್ತದೆ. ಹಾವು ಒಳಗೆ ಬರುತ್ತದೆ. ಹಾವು ಕಚ್ಚಿ ಸತ್ತವರನ್ನು ಸುಡದೆ ಹೊಳೆಯಲ್ಲಿ ತೇಲಿಬಿಡುವುದು ಅಲ್ಲಿ ಆಗಿನ ಪದ್ಧತಿ. ಬೇಹುಲಾ ಬಾಳೆದಿಂಡಿನ ತೆಪ್ಪದಲ್ಲಿ ಗಂಡನ ಹೆಣದ ಜೊತೆ ತಾನೂ ಕೂತು ಹೊರಡುತ್ತಾಳೆ.

ಇಷ್ಟು ಕಥೆ ನನಗೆ ಮೊದಲೇ ಗೊತ್ತಿತ್ತು, ಅಮ್ಮನಿಗೂ ದಾರಿಯಲ್ಲಿ ಹೇಳಿದ್ದೆ. ಆದರೂ ಹಾಡುವಾಕೆಯ ಬೆರಳು ನಮ್ಮನ್ನು ಹಿಡಿದು ಕೂರಿಸಿತು. ಒಂದು ಚಿತ್ರದ ಮೇಲೆ ಬೆರಳಿಟ್ಟು ಹಾಡುತ್ತಾರೆ. ಆ ಹಾಡು ಮುಗಿಯೋವರೆಗೂ ಕೆಳಗಿನದು ಸುರುಳಿಯೊಳಗೇ ಇರುತ್ತದೆ. ಪುಸ್ತಕದ ಹಾಗೆ ಮುಂದಿನ ಪುಟಕ್ಕೆ ಓಡಿಬಿಡೋಕೆ ಆಗುವುದಿಲ್ಲ. ಹೆಣದ ಮುಂದೆ ಎಷ್ಟು ಹೊತ್ತು ಕೂರಬೇಕು ಅನ್ನೋದನ್ನ ಆ ಬೆರಳೇ ಹೇಳುತ್ತದೆ. ರಾಗದಲ್ಲಿ ಏರಿಳಿತ ಜಾಸ್ತಿ ಇಲ್ಲ. ಮದುವೆಗೂ ಅದೇ ಧಾಟಿ, ಸಾವಿಗೂ ಅದೇ. ಅಳು ತರಿಸಬೇಕು ಅನ್ನುವ ಹಟವೇ ಇಲ್ಲ.

ಕೊನೆಗೆ ಬೇಹುಲಾ ದೇವತೆಗಳ ಮುಂದೆ ಕುಣಿದು ಗಂಡನ ಜೀವ ಪಡೆಯುತ್ತಾಳೆ. ಚಾಂದ್ ಮುಖ ತಿರುಗಿಸಿ, ಎಡಗೈಯಲ್ಲಿ ಮನಸಾಳಿಗೆ ಹೂ ಹಾಕುತ್ತಾನೆ.

ಅಮ್ಮನಿಗೆ ಅದು ಬೇಕಿರಲಿಲ್ಲ. "ಆ ತೆಪ್ಪದ ಚಿತ್ರ ಇನ್ನೊಂದ್ಸಲ ತೋರಿಸ್ತಾರಾ ಕೇಳು" ಅಂದರು. ಹಾಡುವಾಕೆ ಯಾಕೆ ಅಂತ ಕೇಳಲಿಲ್ಲ. ಪಟ ಹಿಂದಕ್ಕೆ ಸುತ್ತಿ, ಅದೇ ಸಾಲುಗಳನ್ನು ಮತ್ತೆ ಹಾಡಿದರು. ವಾಪಸ್ ಬರುವಾಗ ಅಮ್ಮ ಅಪ್ಪನ ಕೊನೆಯ ವಾರದ ಬಗ್ಗೆ ಮೊದಲ ಸಲ ಬಾಯಿಬಿಟ್ಟರು. ನಾನು ಸುಮ್ನೆ ಕೇಳುತ್ತಿದ್ದೆ.

ನೀವು ಹೋಗುವುದಾದರೆ ಕೋಲ್ಕತ್ತಾ ಕಡೆಯಿಂದ ಲೋಕಲ್ ರೈಲಲ್ಲಿ ಬಾಲಿಚಕ್‌ನಲ್ಲಿ ಇಳಿಯಿರಿ, ಅಲ್ಲಿಂದ ರಸ್ತೆ ಇದೆ. ಕಥೆ ತಿಳಿದುಕೊಂಡೇ ಹೋಗಿ. ಪಟ ಕೊಳ್ಳುವ ಮಾತು ಆಮೇಲೆ ಇರಲಿ, ಮೊದಲು ಹಾಡು ಕೇಳಿ. ಜಾತ್ರೆ ಇಲ್ಲದ ದಿನವಾದರೆ ಇನ್ನೂ ಒಳ್ಳೆಯದು. ಆಗ ಒಂದು ಚಿತ್ರವನ್ನು ಮತ್ತೆ ತೋರಿಸಿ ಅಂದರೆ ಅವರಿಗೂ ಪುರುಸೊತ್ತಿರುತ್ತದೆ.