ಎಸ್‌ಆರ್‌ವೈ ಸೆಮಿನಾರ್‌ನಲ್ಲಿ ಝಡ್‌ಎಫ್‌ವೈ ಬಿಟ್ಟರೆ ನಡೆಯುತ್ತಾ?

ನಡೆಯುವುದಿಲ್ಲ. ಎಸ್‌ಆರ್‌ವೈ ಅಂದರೆ ವೈ ಕ್ರೋಮೋಸೋಮಿನಲ್ಲಿದ್ದು ಭ್ರೂಣವನ್ನು ಗಂಡು ಮಾಡುವ ಜೀನ್. ಝಡ್‌ಎಫ್‌ವೈ ಅಂದರೆ ಅದಕ್ಕೂ ಮೊದಲು ಆ ಕೆಲಸ ತನ್ನದು ಅಂತ ತಪ್ಪಾಗಿ ಹೆಸರು ಪಡೆದಿದ್ದ, ವೈನದೇ ಇನ್ನೊಂದು ಜೀನ್. "ತಪ್ಪು ಅಂತ ಸಾಬೀತಾದ ಜೀನ್, ಸುಮ್ನೆ ಟೈಮ್ ವೇಸ್ಟ್" ಅಂತ ಝಡ್‌ಎಫ್‌ವೈ ಬಗ್ಗೆ ನಿಮ್ಮ ಪ್ರಶ್ನೆಯಲ್ಲಿ ಬರೆದಿದ್ದೀರಲ್ಲ, ಎಂಎಸ್ಸಿಯಲ್ಲಿ ನನ್ನದೂ ಇದೇ ಲೆಕ್ಕಾಚಾರ.

ನಮ್ಮದು ವಿರಾಜಪೇಟೆ ಕಡೆ, ಓದಿದ್ದು ಮಡಿಕೇರಿಯಲ್ಲಿ. ಸೆಮಿನಾರ್ ದಿನ ಜುಲೈ ಮಳೆ, ಬೆಳಗ್ಗೆಯಿಂದ ಕರೆಂಟ್ ಇಲ್ಲ. ಪಿಪಿಟಿ ಹೋಯಿತು, ಕೈಗೆ ಚಾಕ್‌ಪೀಸ್ ಬಂತು. ವೈ ಕ್ರೋಮೋಸೋಮಿನ ಗಿಡ್ಡ ತೋಳು ಬರೆದೆ. ತುದಿಯ ಹತ್ತಿರ ಚುಕ್ಕೆ ಇಟ್ಟು, "1990ರಲ್ಲಿ ಸಿಂಕ್ಲೇರ್, ಗುಡ್‌ಫೆಲೋ ತಂಡಕ್ಕೆ ಎಸ್‌ಆರ್‌ವೈ ಇಲ್ಲಿ ಸಿಕ್ಕಿತು" ಅಂದೆ. ಮೇಡಂ ಕೇಳಿದರು: "ಅಲ್ಲೇ ಅಂತ ಹೇಗೆ ಗೊತ್ತಾಯ್ತಪ್ಪಾ? 1987ರಲ್ಲಿ ಡೇವಿಡ್ ಪೇಜ್ ಬೇರೆ ಜಾಗ ತೋರಿಸಿದ್ರಲ್ವಾ?" ಬಾಯಿ ಕಟ್ಟಿಹೋಯಿತು. ಬೆಂಗಳೂರಿನ ಲ್ಯಾಬ್ ಒಂದಕ್ಕೆ ನನ್ನ ಶಿಫಾರಸು ಪತ್ರ ಬರೆಯಬೇಕಿದ್ದವರೂ ಅವರೇ. ಬರೆಯಲಿಲ್ಲ.

ನಾನು ಜೀನ್ ಹೆಸರು ಬಾಯಿಪಾಠ ಮಾಡಿದ್ದೆ, ಜೀನ್ ಇರುವ ಜಾಗ ಹುಡುಕಿದ ಮ್ಯಾಪ್ ಓದಿರಲಿಲ್ಲ. ಅಲ್ಲೇ ಎಡವಿದ್ದು. ಎಕ್ಸ್‌ಎಕ್ಸ್ ಇದ್ದೂ ಗಂಡಸರಾದ ಹೆಚ್ಚಿನವರಲ್ಲಿ ವೈನ ಒಂದು ಚೂರು ಬಂದು ಎಕ್ಸ್‌ಗೆ ಸೇರಿರುತ್ತದೆ. ಎಕ್ಸ್‌ವೈ ಇದ್ದೂ ಹೆಂಗಸರಾದ ಕೆಲವರಲ್ಲಿ ವೈನ ಚೂರು ಕಾಣೆಯಾಗಿರುತ್ತದೆ. ಯಾರಲ್ಲಿ ಯಾವ ಚೂರು ಇದೆ, ಯಾವುದು ಇಲ್ಲ ಅಂತ ಹೋಲಿಸುತ್ತಾ ಹೋದರೆ ಜೀನ್ ಇರಬಹುದಾದ ಜಾಗ ಚಿಕ್ಕದಾಗುತ್ತದೆ. ಪೇಜ್ ತಂಡ ನೋಡಿದ ಒಬ್ಬ ಎಕ್ಸ್‌ವೈ ಹೆಂಗಸಿನಲ್ಲಿ ಸುಮಾರು 1,60,000 ಬೇಸ್‌ನಷ್ಟು (ಬೇಸ್ ಅಂದರೆ ಡಿಎನ್‌ಎಯ ಒಂದು ಅಕ್ಷರ) ವೈ ಇರಲಿಲ್ಲ. ಆ ಜಾಗದಲ್ಲಿ ಝಡ್‌ಎಫ್‌ವೈ ಸಿಕ್ಕಿತು. ಗಂಡು ಮಾಡುವ ಜೀನ್ ಇದೇ ಇರಬೇಕು ಅಂದುಕೊಂಡರು. ಆದರೆ 1989ರಲ್ಲಿ ಗುಡ್‌ಫೆಲೋ ಕಡೆಯವರು ಝಡ್‌ಎಫ್‌ವೈ ಇಲ್ಲದೆಯೂ ವೃಷಣ ಬೆಳೆದ ಎಕ್ಸ್‌ಎಕ್ಸ್ ಜನರನ್ನು ತೋರಿಸಿದರು. ಹಾಗಾದರೆ ಆ ಹೆಂಗಸಿನ ಕಥೆ ಏನು?

ನಮ್ಮ ತೋಟದ ಲೈನ್ ಮೇಲೆ ಮರ ಬಿದ್ದಾಗ ಇದೇ ಆಗುವುದು. ತುಂಡಾದ ಕಡೆ ವೈರ್ ಜೋಡಿಸಿದರೂ ಕರೆಂಟ್ ಬರುವುದಿಲ್ಲ, ಯಾಕೆಂದರೆ ಮೇಲೆ ಇನ್ನೊಂದು ಕಡೆಯೂ ತುಂಡಾಗಿರುತ್ತದೆ. ಆಕೆಯ ವೈನಲ್ಲಿ ಇನ್ನೊಂದು ಚೂರೂ ಹೋಗಿತ್ತು, ಎಸ್‌ಆರ್‌ವೈ ಇದ್ದದ್ದು ಅದರಲ್ಲಿ. 1990ರಲ್ಲಿ ಅದನ್ನು ಪ್ರಕಟಿಸಿದ್ದೂ ಪೇಜ್ ಅವರೇ. ನನ್ನ ಪ್ರಕಾರ ಇಡೀ ಕಥೆಯಲ್ಲಿ ಮಜಾ ಇರುವುದೇ ಇಲ್ಲಿ, ನೀವು ಇದನ್ನೇ ಬಿಡಲು ಹೊರಟಿದ್ದೀರಿ.

ಪ್ರೋಟೀನಿನ ಬಣ್ಣದ ಚಿತ್ರ, ಇಸವಿಗಳ ಪಟ್ಟಿ, ಎರಡೂ ಬೇಡ. ಬೋರ್ಡ್ ಮೇಲೆ ವೈಗೆ ಒಂದು ಗೆರೆ ಎಳೆಯಿರಿ. ಅದರ ಕೆಳಗೆ ಒಬ್ಬೊಬ್ಬರಿಗೆ ಒಂದೊಂದು ಗೆರೆ, ಇಲ್ಲದ ಕಡೆ ಅಳಿಸಿ. ಕೊನೆಗೆ 35,000 ಬೇಸ್ ಉಳಿಯುತ್ತದೆ, ಎಸ್‌ಆರ್‌ವೈ ಅದರೊಳಗೆ.

1991ರ ಇಲಿ ಪ್ರಯೋಗಕ್ಕೂ ಸ್ವಲ್ಪ ಸಮಯ ಇಟ್ಟುಕೊಳ್ಳಿ. ಇಲಿಯ ಇದೇ ಜೀನ್ ಇರುವ ತುಣುಕನ್ನು ಎಕ್ಸ್‌ಎಕ್ಸ್ ಭ್ರೂಣಕ್ಕೆ ಸೇರಿಸಿದಾಗ ವೃಷಣ ಬೆಳೆಯಿತು, ಆದರೆ ಆ ಗಂಡಿಲಿಗೆ ಮರಿ ಹುಟ್ಟಲಿಲ್ಲ. ಯಾಕೆ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ವೀರ್ಯಾಣು ಆಗಲು ವೈನ ಬೇರೆ ಜೀನ್‌ಗಳೂ ಬೇಕು, ಎರಡು ಎಕ್ಸ್ ಇದ್ದರೂ ತೊಂದರೆ. ಇಷ್ಟು ಹೇಳಿದರೆ ಸಾಕು.