ನಿಮ್ಮಕ್ಕನ ಕಾರ್ಡಿಂದ ಶುರು ಮಾಡಿ

ನಮಸ್ಕಾರ. ತುಮಕೂರಿಂದ ನೀವು ಕಳಿಸಿದ್ದ 'ಚಿಪ್ ನೋಡ್ತಿದೆ ಹುಷಾರ್' ಲೇಖನ ಪೂರ್ತಿ ಓದ್ದೆ. ಈಗಿರೋ ಹಾಗೆ ಹಾಕಕ್ಕಾಗಲ್ಲ, ಬೇಜಾರು ಮಾಡ್ಕೋಬೇಡಿ.

'ಇಂದಿನ ಆಧುನಿಕ ಯುಗದಲ್ಲಿ' ಅಂತ ಶುರುವಾಗೋ ಮೊದಲೆರಡು ಪುಟ ಕಿತ್ತಾಕಿ, ಯಾರೂ ಓದಲ್ಲ. ಆಮೇಲೆ ಫಾಸ್ಟ್ಯಾಗ್ ಸ್ಯಾಟಲೈಟ್ ಮೂಲಕ ದಿನವಿಡೀ ನಮ್ಮ ಹಿಂದೇನೇ ಬರುತ್ತೆ ಅಂತೀರ, ಅದು ತಪ್ಪು ಕಣ್ರೀ. ಅದ್ರಲ್ಲಿ ಬ್ಯಾಟರೀನೂ ಇಲ್ಲ ಜಿಪಿಎಸ್ಸೂ ಇಲ್ಲ, ಕ್ಯಾತ್ಸಂದ್ರ ಟೋಲಲ್ಲಿ ಮೇಲಿರೋ ರೀಡರ್ ಬಿಡೋ ರೇಡಿಯೋ ಅಲೆಯಿಂದಾನೇ ಒಂಚೂರು ಪವರ್ ತಗೊಂಡು ತನ್ನ ನಂಬರ್ ವಾಪಸ್ ಹೇಳುತ್ತೆ, ಟೋಲ್ ದಾಟಿದ್ಮೇಲೆ ಅದು ಬರೀ ಗಾಜಿಗಂಟಿದ ಸ್ಟಿಕ್ಕರ್. ಆ ನಂಬರಿಗೆ ಯಾವ ಗಾಡಿ, ಯಾರ ಅಕೌಂಟು, ಎಷ್ಟೊತ್ತಿಗೆ ಹೋಯ್ತು ಅಂತ ಸೇರಿಸಿಟ್ಕೊಳ್ಳೋ ದಾಖಲೆ ಬೇರೆ ಕಡೆ ಇರುತ್ತೆ, ಅದನ್ನ ಯಾರು ತೆಗ್ದು ನೋಡ್ಬೋದು ಅನ್ನೋದೇ ಅಸಲಿ ಪ್ರಶ್ನೆ, ನೀವು ಅದನ್ನ ಮುಟ್ಟೇ ಇಲ್ಲ.

ಮತ್ತೆ, 2017ರಲ್ಲಿ ಖಾಸಗಿತನದ ಕಾನೂನು ಬಂತು ಅಂತ ಬರ್ದಿದೀರ, ಆಗ ಬಂದಿದ್ದು ಕಾನೂನಲ್ಲ, ಸುಪ್ರೀಂ ಕೋರ್ಟಿನ ಒಂಬತ್ತು ಜಡ್ಜ್‌ಗಳ ಪುಟ್ಟಸ್ವಾಮಿ ತೀರ್ಪು, ಖಾಸಗಿತನ ಮೂಲಭೂತ ಹಕ್ಕು ಅಂದಿದ್ದು. ನಮ್ಮ ವೈಯಕ್ತಿಕ ಮಾಹಿತಿನ ಯಾರು ಹೆಂಗೆ ಬಳಸ್ಬೋದು ಅಂತ ಹೇಳೋ ಡೇಟಾ ಕಾಯ್ದೆ ಪಾಸಾಗಿದ್ದು 2023ರಲ್ಲಿ.

ಈಗ ಮೂರನೇ ಪುಟ. ಅಲ್ಲೊಂದು ಸಾಲು ಬರ್ದು ಮುಂದೆ ಹೋಗ್ಬಿಟ್ಟಿದೀರ: ವಸಂತನರಸಾಪುರದ ಫ್ಯಾಕ್ಟ್ರೀಲಿ ನಿಮ್ಮಕ್ಕ ಟಾಯ್ಲೆಟ್ ಕಡೆ ಬಾಗಿಲಿಗೂ ಚಿಪ್ ಇರೋ ಕಾರ್ಡ್ ಮುಟ್ಟಿಸ್ಬೇಕು, ಲೇಟಾದ್ರೆ ಸಂಜೆ ಸೂಪರ್‌ವೈಸರ್ ಎಲ್ಲರ ಮುಂದೆ ನಿಮಿಷ ಓದಿ ಹೇಳ್ತಾನೆ. ಅಯ್ಯೋ, ಲೇಖನ ಇರೋದೇ ಇಲ್ಲಿ! ಆ ಕಾರ್ಡು ರೀಡರಿಗೆ ಹೆಚ್ಚುಕಮ್ಮಿ ತಾಗಿಸಿದ್ರೇನೇ ಕೆಲಸ ಮಾಡೋದು, ಅಂದ್ರೆ ಕದ್ದು ನೋಡೋದೇನಿಲ್ಲ, ಅವಳ ಕೈಯಿಂದಾನೇ ಹಾಜರಿ ಹಾಕಿಸ್ಕೊಳ್ತಾರೆ. 'ಒಪ್ಪಿಗೆ ಇಲ್ದೆ ಮಾಹಿತಿ ತಗೊಳ್ಳೋದು ಕಾನೂನುಬಾಹಿರ' ಅಂತ ಒಂದೇ ಏಟಿಗೆ ಬರ್ದಿದೀರಲ್ಲ, 2023ರ ಕಾಯ್ದೆಯ 7ನೇ ಸೆಕ್ಷನ್ ಓದಿ, ಕೆಲಸಕ್ಕೆ ಸಂಬಂಧಪಟ್ಟ ಉದ್ದೇಶಕ್ಕೆ, ಮಾಲೀಕರಿಗೆ ನಷ್ಟ ಆಗದಂಗೆ ನೋಡ್ಕೊಳ್ಳೋಕೆ ಅಂತ ಆದ್ರೆ ಒಪ್ಪಿಗೆ ಬೇಡ ಅಂತಿದೆ. ಹಂಗಾದ್ರೆ ಟಾಯ್ಲೆಟ್ಟಿಗೆ ಹೋಗಿ ಬಂದ ನಿಮಿಷಾನೂ ಕೆಲಸದ ಉದ್ದೇಶಾನಾ? ಕೇಳ್ಬೇಕಾದ್ದು ಇದು, ಉತ್ತರ ಸಿಗ್ದಿದ್ರೂ ಪರವಾಗಿಲ್ಲ, ಲೇಬರ್ ಕೇಸ್ ನಡೆಸೋ ವಕೀಲರೊಬ್ಬರನ್ನ ಕೇಳಿ ಬರೀರಿ.

ಅಕ್ಕನ ಹತ್ರ ಕೂತು ಮಾತಾಡಿ, ಮುಟ್ಟಿನ ದಿನ ಏನ್ಮಾಡ್ತಾರೆ, ಕಾರ್ಡ್ ಮರೆತ್ರೆ ಏನಾಗುತ್ತೆ, ಆ ಲಿಸ್ಟ್ ಎಷ್ಟು ದಿನ ಇಟ್ಕೋತಾರೆ, ಎಲ್ಲಾ. ಫ್ಯಾಕ್ಟ್ರಿ ಹೆಸರು, ಅಕ್ಕನ ಹೆಸರು ಎರಡೂ ಹಾಕ್ಬೇಡಿ, ಊರೂ ಬೇಡ, ಅವಳ ಕೆಲಸಕ್ಕೆ ಕುತ್ತು ಬರೋದು ಬೇಡ. ಬರ್ದಾದ್ಮೇಲೆ ಮೊದ್ಲು ಅವಳಿಗೆ ಓದಿ ಹೇಳಿ, ಹೂಂ ಅಂದ್ರೆ ನಂಗೆ ಕಳ್ಸಿ.