ಅಪಾರ್ಟ್‌ಮೆಂಟುಗಳ ನಡುವೆ ಬಾಡಿಗೆ ಮನೆ ಎಲ್ಲಿ?

ಬೆಂಗಳೂರಿನ ಕೋಣನಕುಂಟೆಯ ಓದುಗರೊಬ್ಬರ ಪತ್ರ: "ನಮ್ಮ ರಸ್ತೆಯ ತುದಿಯಲ್ಲಿ ಇಪ್ಪತ್ತು ಅಂತಸ್ತಿನ ಅಪಾರ್ಟ್‌ಮೆಂಟ್ ಏಳುತ್ತಿದೆ. ನನ್ನ ಮಗನಿಗೆ ಮಾತ್ರ ಮೂರು ತಿಂಗಳಿಂದ ಬಾಡಿಗೆ ಮನೆ ಸಿಕ್ಕಿಲ್ಲ. ಈಗ ಭೋಗ್ಯಕ್ಕೆ ಹುಡುಕುತ್ತಿದ್ದಾನೆ. ಇಂಥ ಕಟ್ಟಡಗಳಿಗೆ ಪರವಾನಗಿ ನಿಲ್ಲಿಸಿ ಎಂದು ನೀವೇಕೆ ಬರೆಯುವುದಿಲ್ಲ? ಪುಟಗಟ್ಟಲೆ ಜಾಹೀರಾತು ಬರುತ್ತದೆಂದೇ?"

ಸಂಪಾದಕರ ಉತ್ತರ:

ಮಾನ್ಯರೇ, ಜಾಹೀರಾತು ಬರುತ್ತದೆ, ನಿಜ. ಪತ್ರಿಕೆಯ ಕಾಗದದ ಖರ್ಚಿಗೆ ಅದೇ ಆಸರೆ. ನಿಮ್ಮ ಪತ್ರ ಓದಿ, ಕಳೆದ ಆರು ಸಂಚಿಕೆಗಳನ್ನು ಮೇಜಿನ ಮೇಲೆ ಹರಡಿಕೊಂಡು ಕುಳಿತೆ. ಈಜುಕೊಳ ಇದೆ, ಕ್ಲಬ್ ಇದೆ, ಸಾಕುನಾಯಿಗೆ ಉದ್ಯಾನವೂ ಇದೆ. 45 ಲಕ್ಷ ರೂಪಾಯಿಯೊಳಗಿನ ಫ್ಲ್ಯಾಟ್ ಒಂದೂ ಇಲ್ಲ. ಆ ಅಂಕಿ ನನ್ನದಲ್ಲ, ಸರ್ಕಾರದ್ದು. ಮಹಾನಗರಗಳಲ್ಲಿ 60 ಚದರ ಮೀಟರ್ ಕಾರ್ಪೆಟ್ ವಿಸ್ತೀರ್ಣವನ್ನೂ (ಮನೆಯೊಳಗೆ ಬಳಕೆಗೆ ಸಿಗುವ ಜಾಗ) 45 ಲಕ್ಷದ ಬೆಲೆಯನ್ನೂ ಮೀರದ, ನಿರ್ಮಾಣ ಹಂತದ ಮನೆಗೆ 2019ರ ಏಪ್ರಿಲ್‌ನಿಂದ ಜಿಎಸ್‌ಟಿ ಶೇ 1. ಉಳಿದವಕ್ಕೆ ಶೇ 5. ತೆರಿಗೆ ಇಳಿಯಿತು, ನೆಲದ ಬೆಲೆ ಇಳಿಯಲಿಲ್ಲ. ಚಿನ್ನದ ಬೆಲೆಗೆ ಜಾಗ ಕೊಂಡವನು ಗುಮಾಸ್ತನಿಗೆಂದು ಮನೆ ಕಟ್ಟುತ್ತಾನೆಯೇ?

2012ರಲ್ಲಿ ಕೇಂದ್ರದ ತಾಂತ್ರಿಕ ಸಮಿತಿಯೊಂದು ದೇಶದ ನಗರಗಳಲ್ಲಿ ಸುಮಾರು 1.88 ಕೋಟಿ ಮನೆಗಳ ಕೊರತೆಯನ್ನು ಲೆಕ್ಕ ಹಾಕಿತು. ಅದರಲ್ಲಿ ಶೇ 95ಕ್ಕೂ ಹೆಚ್ಚಿನ ಪಾಲು ಬಡವರದು ಮತ್ತು ಕಡಿಮೆ ಆದಾಯದವರದು. ಅದಕ್ಕೆ ಒಂದೇ ವರ್ಷ ಹಿಂದಿನ ಜನಗಣತಿಯಲ್ಲಿ ಅದೇ ನಗರಗಳಲ್ಲಿ ಖಾಲಿ ಬಿದ್ದಿದ್ದ ಮನೆಗಳು 1.1 ಕೋಟಿ!

ಆದರೂ ಪರವಾನಗಿ ನಿಲ್ಲಿಸಿ ಎಂದು ಬರೆಯಲಾರೆ. ಆ ಇಪ್ಪತ್ತು ಅಂತಸ್ತು ಏಳದಿದ್ದರೆ ಅಲ್ಲಿಗೆ ಹೋಗಬೇಕಾದವರು ಊರು ಬಿಡುವುದಿಲ್ಲ. ನಿಮ್ಮ ಮಗ ನೋಡಿ ಬಂದ ಮನೆಗೇ ಬರುತ್ತಾರೆ, ಐದು ಸಾವಿರ ಹೆಚ್ಚು ಕೊಟ್ಟು.

ನನ್ನ ತಕರಾರು ಬೇರೆ. ಚಾಮರಾಜಪೇಟೆ, ಮಲ್ಲೇಶ್ವರಗಳ ವಠಾರಗಳಲ್ಲಿ ಒಂದು ನಲ್ಲಿಗೆ ಹತ್ತು ಸಂಸಾರ ಜಗಳವಾಡುತ್ತಿದ್ದವು. ಆದರೆ ಮೊದಲ ಸಂಬಳದವನಿಗೂ ಅಲ್ಲಿ ಸೂರು ಸಿಗುತ್ತಿತ್ತು. ಅವು ಕೆಡವಿ ಹೋದ ಮೇಲೆ ಆ ಬಾಡಿಗೆಯ ಮನೆಯನ್ನು ಕಟ್ಟುವವರು ಯಾರೂ ಇಲ್ಲ. 1976ರಲ್ಲಿ ಹುಟ್ಟಿದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಬಡಾವಣೆ ಮಾಡಿತು, ಸೈಟು ಹಂಚಿತು. ಬಾಡಿಗೆದಾರ ಅದರ ಲೆಕ್ಕಕ್ಕೆ ಬರಲೇ ಇಲ್ಲ. ಮುಂಗಡ ಎರಡು ತಿಂಗಳ ಬಾಡಿಗೆ ಮೀರಬಾರದೆಂದು 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆ ಹೇಳುತ್ತದೆ. ಹತ್ತು ತಿಂಗಳದ್ದು ಕೇಳುವ ನಮ್ಮ ಮಾಲೀಕರು ಅದನ್ನು ಓದಿದಂತಿಲ್ಲ. ಇದನ್ನು ಬರೆಯುತ್ತೇನೆ, ಎದುರು ಪುಟದಲ್ಲಿ ಈಜುಕೊಳ ಇದ್ದರೂ.

ಭೋಗ್ಯದ ವಿಷಯ: ಹಣ ಕೊಡುವ ಮೊದಲು ಉಪನೋಂದಣಿ ಕಚೇರಿಯಿಂದ ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸಿ, ಮನೆಯ ಮೇಲೆ ಸಾಲವಿದೆಯೇ ಎಂದು ನಿಮ್ಮ ಮಗ ನೋಡಲಿ, ಬ್ಯಾಂಕಿನಲ್ಲೂ ವಿಚಾರಿಸಲಿ. ಕರಾರನ್ನು ನೋಂದಣಿ ಮಾಡಿಸದೆ ಒಂದು ರೂಪಾಯಿಯನ್ನೂ ಕೊಡುವುದು ಬೇಡ.